ಒಬ್ಬರು ಕಮ್ಮಿ

ಮೊದಲ ಫೈರ್ ಡ್ರಿಲ್ಲಿನ ದಿನ ಅಡುಗೆಯ ಅಕ್ಕ ಕುಕ್ಕರ್ ಹೊತ್ತುಕೊಂಡೇ ಹೊರಗೆ ಓಡಿ ಬಂದಳು. ಎರಡು ಸೀಟಿ ಒಲೆಯ ಮೇಲೆ ಆಗಿತ್ತು, ಮೂರನೆಯದು ಅಂಗಳದಲ್ಲಿ ಆಯಿತು. ಅವಳ ಬೆನ್ನಿಗೇ ಆಫೀಸಿನ ರಿಜಿಸ್ಟರಣ್ಣ ಬಂದ. ಹೆಣ್ಣುಮಕ್ಕಳ ನಿಲಯದ ಹನ್ನೊಂದು ರಿಜಿಸ್ಟರುಗಳನ್ನೂ ಎದೆಗವಚಿಕೊಂಡು, ಮೇಲಿನದು ಜಾರದಂತೆ ಗಲ್ಲದಿಂದ ಒತ್ತಿ ಹಿಡಿದಿದ್ದ. ಮಕ್ಕಳ ಸ್ನಾನ, ಬಟ್ಟೆ, ಜಡೆ ನೋಡಿಕೊಳ್ಳುವ ಚಿಕ್ಕಮ್ಮ ಪುಟ್ಟವರಿಬ್ಬರನ್ನು ಸೊಂಟದ ಎರಡೂ ಕಡೆ ಕೂರಿಸಿಕೊಂಡು ಬಂದವಳು, ಅವರನ್ನು ಇಳಿಸಿ, ಒಂದು ಚಪ್ಪಲಿ ಬಿದ್ದುಹೋಯಿತೆಂದು ಮತ್ತೆ ಒಳಗೆ ಹೋದಳು. ಬೆಂಕಿ ನಿಜವಾಗಿದ್ದರೆ ಆ ದಿನ ಬೇಳೆ, ದಾಖಲೆ ಮತ್ತು ಒಂದು ಚಪ್ಪಲಿ ಕ್ಷೇಮವಾಗಿ ಪಾರಾಗುತ್ತಿದ್ದವು.

ತಪಾಸಣೆಗೆ ಬಂದಿದ್ದ ಅಧಿಕಾರಿ ಗೇಟಿನ ಹತ್ತಿರ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು. ಅವರು ನಗಲಿಲ್ಲ. ಸಾಲಾಗಿ ನಿಂತ ಹೆಣ್ಣುಮಕ್ಕಳನ್ನು ಪೆನ್ನಿನ ತುದಿಯಿಂದ ಎಣಿಸಿದರು.

"ಇಪ್ಪತ್ತಮೂರು," ಎಂದರು. "ಒಬ್ಬರು ಕಮ್ಮಿ."

ನಿಲಯ ನಡೆಸುವ ದೊಡ್ಡಮ್ಮ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ವಯಸ್ಸು ಐವತ್ತಾರು, ಮಂಡಿ ಎರಡೂ ಸವೆದಿದ್ದವು, ಆದರೂ ಹತ್ತಿದಳು. ಮೂರು ಮಲಗುವ ಕೋಣೆಗಳು, ಇಪ್ಪತ್ತನಾಲ್ಕು ಮಂಚಗಳು, ಎಲ್ಲಿಯೂ ಯಾರೂ ಇಲ್ಲ. ಕೊನೆಗೆ ಮೆಟ್ಟಿಲ ಪಕ್ಕದ ಕಂಬಳಿ ಬೀರುವಿನ ಬಾಗಿಲು ತೆಗೆದರೆ, ಕೆಳಗಿನ ಅರೆಯಲ್ಲಿ ಮಂಡಿಗೆ ಗಲ್ಲ ಊರಿಕೊಂಡು ಬೀಗ ಕೂತಿದ್ದಳು. ಅವಳನ್ನು ಹೊರಗೆ ಕರೆತರುವಷ್ಟರಲ್ಲಿ ಆರು ನಿಮಿಷ ಹತ್ತು ಸೆಕೆಂಡು ಆಗಿತ್ತು.

ಬೀಗ ಎಂಬುದು ಮಕ್ಕಳು ಇಟ್ಟ ಹೆಸರು. ಏಳು ವರ್ಷದ ಆ ಹುಡುಗಿ ಕೆಲವು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹೂಂ, ಉಹೂಂ ಬಿಟ್ಟರೆ ಮೂರನೆಯ ಮಾತಿಲ್ಲ. ಅಡ್ಡಹೆಸರು ಕರೆಯಬಾರದೆಂದು ದೊಡ್ಡಮ್ಮ ಊಟದ ಮನೆಯ ಗೋಡೆಗೆ ನೋಟೀಸು ಅಂಟಿಸಿದ್ದಳು, ಆದರೆ ಮನಸ್ಸಿನಲ್ಲಿ ಅವಳೂ ಹಾಗೆಯೇ ಕರೆಯುತ್ತಿದ್ದಳು. ಅವಳನ್ನು ಅಡುಗೆಯವಳಿಂದ ಹಿಡಿದು ಹಾಲಿನವನ ತನಕ ಎಲ್ಲರೂ ದೊಡ್ಡಮ್ಮ ಎನ್ನುವುದು ಅಡ್ಡಹೆಸರಲ್ಲವೇ ಎಂದು ಯಾರೂ ಕೇಳುವ ಧೈರ್ಯ ಮಾಡಿರಲಿಲ್ಲ.

ಒಂದು ವಾರದಲ್ಲಿ ಪತ್ರ ಬಂತು. ಅಡುಗೆಮನೆ ಸರಿ, ನೀರು ಸರಿ, ಔಷಧದ ಪೆಟ್ಟಿಗೆ ಸರಿ, ಪ್ರತಿ ಮಗುವಿನ ಕಡತ ಸರಿ. ಆದರೆ ಕಟ್ಟಡದಲ್ಲಿರುವವರೆಲ್ಲರೂ ಮೂರು ನಿಮಿಷದೊಳಗೆ ಹೊರಗೆ ಬರಬೇಕೆಂಬ ಮಾನದಂಡ ಪಾಲನೆಯಾಗಿಲ್ಲ. ಮೂವತ್ತು ದಿನಗಳ ನಂತರ ಮರುತಪಾಸಣೆ. ಆಗಲೂ ಆಗದಿದ್ದರೆ ನಿಲಯದ ಪರವಾನಗಿಯನ್ನು ಹದಿನಾರು ಮಕ್ಕಳಿಗೆ ಇಳಿಸಲಾಗುವುದು. ದಾಖಲಾತಿಯಲ್ಲಿ ಕೊನೆಗೆ ಬಂದ ಎಂಟು ಮಕ್ಕಳನ್ನು ಜಾಗವಿರುವ ಬೇರೆ ಬೇರೆ ನಿಲಯಗಳಿಗೆ ಕಳಿಸಲಾಗುವುದು.

ದೊಡ್ಡಮ್ಮ ದಾಖಲಾತಿ ರಿಜಿಸ್ಟರ್ ತರಿಸಿ ಕೊನೆಯ ಎಂಟು ಹೆಸರುಗಳ ಮೇಲೆ ಬೆರಳಿಟ್ಟು ಓದಿದಳು. ಮಲಗುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುವ ಅವಳಿಗಳು ಅದರಲ್ಲಿದ್ದರು. ಈ ವರ್ಷವಷ್ಟೇ ಅಕ್ಷರ ಕೂಡಿಸಿ ಓದಲು ಕಲಿತವಳಿದ್ದಳು. ಇಪ್ಪತ್ತನಾಲ್ಕನೆಯ ಹೆಸರು ಬೀಗಳದು. ಪತ್ರವನ್ನು ಎರಡಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಂದಿನ ಮೂವತ್ತು ದಿನ ಅದು ಅಲ್ಲೇ ಇತ್ತು.

"ಒಬ್ಬಳನ್ನೂ ಬಿಡಲ್ಲ," ಎಂದು ರಿಜಿಸ್ಟರಣ್ಣನಿಗೆ ಹೇಳಿದಳು. "ಬರ್ಕೊಳಿ."

"ಯಾವ ರಿಜಿಸ್ಟರಲ್ಲಿ, ಮೇಡಂ?"

"ತಲೇಲಿ."

ಇಪ್ಪತ್ತೆರಡು ವರ್ಷ ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವಳು ಅವಳು. ಹಿಡಿದ ಪಟ್ಟು ಬಿಡುವುದನ್ನು ಅಲ್ಲಿ ಕಲಿಸಿರಲಿಲ್ಲ. ಮರುದಿನವೇ ಹಿಂದಿನ ಕಬ್ಬಿಣದ ಮೆಟ್ಟಿಲ ಕಡೆ ಹೋದಳು. ಅದು ಹೆಸರಿಗೆ ಎರಡನೆಯ ದಾರಿ. ಮುರಿದ ಡೆಸ್ಕು, ತೂತು ಬಕೆಟ್ಟು, ಚಕ್ರವಿಲ್ಲದ ಸೈಕಲ್ಲು ಎಲ್ಲವೂ ಅಲ್ಲಿ ಸಂಸಾರ ಹೂಡಿದ್ದವು. ಸಂಜೆಯೊಳಗೆ ಖಾಲಿಯಾಯಿತು. ಅಂಗಳದಲ್ಲಿ ಗೇಟಿನ ಪಕ್ಕ ಉದ್ದಕ್ಕೆ ಬಿಳಿ ಗೆರೆ ಎಳೆಸಿ, ಒಬ್ಬೊಬ್ಬರಿಗೆ ಒಂದೊಂದು ಜಾಗ ಗೊತ್ತು ಮಾಡಿದಳು. ದೊಡ್ಡ ಹುಡುಗಿಯರಿಗೆ ತಲಾ ಒಬ್ಬ ಚಿಕ್ಕವಳನ್ನು ಜೋಡಿ ಮಾಡಿದಳು. ಮಕ್ಕಳಿಗಿಂತ ಕಷ್ಟವಾದದ್ದು ದೊಡ್ಡವರನ್ನು ತಿದ್ದುವುದು.

"ಗ್ಯಾಸ್ ಆಫ್ ಮಾಡು, ಕೈ ಬೀಸ್ಕೊಂಡು ಬಾ," ಎಂದಳು ಅಡುಗೆಯ ಅಕ್ಕನಿಗೆ.

"ಬೇಳೆ?"

"ಬೇಳೆ ಬೇಯ್ಲಿ ಬಿಡು. ಬೆಂಕಿ ಬಿದ್ದ ಮೇಲೆ ಅದಕ್ಕಿಂತ ಚೆನ್ನಾಗಿ ಬೇಯಲ್ಲ."

ರಿಜಿಸ್ಟರಣ್ಣ ಮಾತ್ರ ಜಗ್ಗಲಿಲ್ಲ. "ಮೇಡಂ, ರಿಜಿಸ್ಟರ್ ಎಲ್ಲ ಸುಟ್ಟುಹೋದ್ರೆ, ಇಲ್ಲಿ ಮಕ್ಕಳಿದ್ರು ಅನ್ನೋದಕ್ಕೆ ದಾಖಲೆ ಏನು?"

"ಮಕ್ಕಳೇ ದಾಖಲೆ ಕಣ್ರೀ."

ಅವನು ಒಂದು ಇಡೀ ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಹಾಜರಿ ರಿಜಿಸ್ಟರ್ ಒಂದನ್ನೇ ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ. ಉಳಿದ ಹತ್ತನ್ನು ಬೆಂಕಿಗೆ ಬಿಟ್ಟುಕೊಡಲು ಮನಸ್ಸು ಗಟ್ಟಿ ಮಾಡಿಕೊಂಡ.

ಎಚ್ಚರಿಕೆಯ ಗಂಟೆ ಎಲ್ಲ ಕೋಣೆಗಳಿಗೂ ಕೇಳಿಸಬೇಕು ಎಂಬುದು ತಪಾಸಣೆಯ ಪಟ್ಟಿಯಲ್ಲಿ ಇನ್ನೊಂದು ಅಂಶ. ಅದರ ಮುಂದೆ ದೊಡ್ಡಮ್ಮ ಎಂದೋ ಸರಿ ಗುರುತು ಹಾಕಿದ್ದಳು, ಸ್ವಲ್ಪ ಜಂಬದಿಂದಲೇ. ಜಗಲಿಯಲ್ಲಿ ತೂಗುತ್ತಿದ್ದ ಕಂಚಿನ ಗಂಟೆ ಅವಳೇ ಮುಚ್ಚಿಹೋದ ಒಂದು ಶಾಲೆಯಿಂದ ಬೇಡಿ ತಂದದ್ದು. ಬಾರಿಸಿದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ನಿಲಯದ ಹುಡುಗಿಯೊಬ್ಬಳು ಹದಿನೆಂಟು ತುಂಬಿಯೋ ನೆಂಟರ ಮನೆಗೋ ಹೊರಟಾಗ ಎಲ್ಲರೂ ಕೆಳಗೆ ಸೇರಿ, ಆ ಗಂಟೆಯನ್ನು ಒಂಬತ್ತು ಸಲ ಬಾರಿಸಿ, ಚಪ್ಪಾಳೆ ತಟ್ಟಿ ಕಳಿಸಿಕೊಡುವುದು ಅವಳೇ ಹುಟ್ಟುಹಾಕಿದ ಪದ್ಧತಿ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಹೊರಟ ಮಕ್ಕಳಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲವಲ್ಲ ಎಂದು ಅವಳಿಗೆ ಇಪ್ಪತ್ತೆರಡು ವರ್ಷ ಅನಿಸುತ್ತಿತ್ತು. ಅದೇ ಗಂಟೆ ಡ್ರಿಲ್ಲಿಗೂ ಆಯಿತು.

ದಿನಕ್ಕೊಂದು ಡ್ರಿಲ್ ಶುರುವಾಯಿತು. ಒಂದು ದಿನ ಬೆಳಿಗ್ಗೆ ಹಲ್ಲುಜ್ಜುವಾಗ, ಒಂದು ದಿನ ಊಟಕ್ಕೆ ಕೂತಾಗ, ಒಂದು ದಿನ ಜಡೆ ಅರ್ಧ ಹೆಣೆದಾಗ. ನಾಲ್ಕು ನಿಮಿಷ ಇಪ್ಪತ್ತಾಯಿತು, ಮೂರು ಐವತ್ತಾಯಿತು. ಇಪ್ಪತ್ತಮೂರು ಮಕ್ಕಳು ಮಾತ್ರವಾದರೆ ಎರಡೂ ಮುಕ್ಕಾಲಿಗೇ ಗೆರೆಯ ಮೇಲೆ ನಿಲ್ಲುತ್ತಿದ್ದರು. ಒಬ್ಬರು ಕಮ್ಮಿ. ಪ್ರತಿ ಸಲವೂ ಅವಳೇ ಕಮ್ಮಿ.

ಬೀಗಳನ್ನು ಹುಡುಕುವುದೇ ಒಂದು ಕೆಲಸವಾಯಿತು. ಕಂಬಳಿ ಬೀರುವಿಗೆ ಬೀಗ ಹಾಕಿಸಿದರೆ ಈ ಬೀಗ ಮಂಚದ ಕೆಳಗೆ ಹೋದಳು. ಮಂಚದ ಕೆಳಗೆ ಪೆಟ್ಟಿಗೆಗಳನ್ನಿಟ್ಟರೆ ನೀರಿನ ಡ್ರಮ್ಮಿನ ಹಿಂದೆ ಹೋದಳು. ಜೋಡಿ ಮಾಡಿದ್ದ ದೊಡ್ಡ ಹುಡುಗಿ ಕೈ ಹಿಡಿದುಕೊಂಡರೆ ಮೀನಿನ ಹಾಗೆ ಜಾರಿಕೊಂಡಳು. ಮಗುವನ್ನು ದರದರನೆ ಎಳೆದು ತರುವಂತಿಲ್ಲ. ನಿಯಮವೂ ಒಪ್ಪುವುದಿಲ್ಲ, ದೊಡ್ಡಮ್ಮನೂ ಒಪ್ಪುವವಳಲ್ಲ. ಪುಸಲಾಯಿಸಿದಳು. ಬಣ್ಣದ ಪೆನ್ಸಿಲ್ ಕೊಡುತ್ತೇನೆಂದಳು. ಹೂಂ ಎಂದು ತಲೆಯಾಡಿಸಿದ ಮಗು ಗಂಟೆ ಕೇಳಿದೊಡನೆ ಮಾಯವಾಗುತ್ತಿತ್ತು.

ಹನ್ನೊಂದನೆಯ ದಿನ ದೊಡ್ಡಮ್ಮನ ತಾಳ್ಮೆ ತಪ್ಪಿತು. ಡ್ರಮ್ಮಿನ ಹಿಂದೆ ಬಗ್ಗಿ ನೋಡುವಾಗ ಸೊಂಟ ಹಿಡಿದುಕೊಂಡಿತ್ತು, ಮೂರು ನಿಮಿಷ ನಲವತ್ತಾಗಿತ್ತು.

"ನಿನ್ನೊಬ್ಬಳಿಂದ ಎಂಟು ಜನ ಮನೆ ಬಿಡ್ಬೇಕಾಗತ್ತೆ, ಗೊತ್ತಾ ನಿಂಗೆ?"

ಮಾತು ಬಾಯಿಂದ ಬಿದ್ದಮೇಲೆ ನಾಲಿಗೆ ಕಚ್ಚಿಕೊಂಡಳು. ಆ ಎಂಟು ಹೆಸರುಗಳ ವಿಷಯ ಮಕ್ಕಳ ಕಿವಿಗೆ ಬೀಳಬಾರದೆಂದು ಅವಳೇ ಎಲ್ಲರಿಗೂ ತಾಕೀತು ಮಾಡಿದ್ದಳು. ಬೀಗ ಕಣ್ಣನ್ನು ಅಗಲ ಮಾಡಿ ಒಮ್ಮೆ ನೋಡಿ, ತಲೆ ತಗ್ಗಿಸಿ ಎದ್ದು ಬಂದಳು. ಆ ದಿನ ಮಗು ಊಟ ಬಿಟ್ಟಿತು, ಮಗುವನ್ನು ನೋಡಿ ದೊಡ್ಡಮ್ಮನಿಗೂ ಊಟ ಸೇರಲಿಲ್ಲ.

ಮರುದಿನ ಶಾಲೆ ಮುಗಿದು ಮಕ್ಕಳು ಬಂದಮೇಲೆ ಮತ್ತೆ ಗಂಟೆ ಬಾರಿಸಿದರು. ಕಂಬಳಿಗಳನ್ನು ಬಿಸಿಲಿಗೆ ಹಾಕಲೆಂದು ಚಿಕ್ಕಮ್ಮ ಬೀರು ತೆಗೆದವಳು ಬೀಗ ಹಾಕಲು ಮರೆತಿದ್ದಳು. ದೊಡ್ಡಮ್ಮ ನೇರ ಅಲ್ಲಿಗೇ ಹೋದಳು. ಬಾಗಿಲು ಒಳಗಿನಿಂದ ಎಳೆದುಕೊಂಡಿತ್ತು. ತೆಗೆಯಲು ಹೋದ ಕೈಯನ್ನು ಅವಳು ತಡೆದಳು. ಬೈದ ಮೇಲೆ ಮುಖ ತೋರಿಸಲು ಅವಳಿಗೂ ಸ್ವಲ್ಪ ನಾಚಿಕೆಯಾಗಿತ್ತು. ನೆಲದ ಮೇಲೆ ಕಾಲು ಚಾಚಿ, ಬೀರುವಿಗೆ ಬೆನ್ನು ಕೊಟ್ಟು ಕೂತಳು. ಸಮಯ ಹೋಗಲಿ ಎಂದುಕೊಂಡಳು. ಕೆಳಗೆ ಅಂಗಳದಲ್ಲಿ ರಿಜಿಸ್ಟರಣ್ಣ ಹಾಜರಿ ಕೂಗುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಸಣ್ಣ ದನಿ ಬಂತು.

"ಇವತ್ತು ಯಾರು?"

ತಿಂಗಳುಗಳ ಮೇಲೆ ಆ ಮಗುವಿನಿಂದ ಬಂದ ಮೊದಲ ಮಾತು ಅದು. ದೊಡ್ಡಮ್ಮ ಅಲುಗಾಡಲಿಲ್ಲ.

"ಯಾರು ಅಂದ್ರೆ?"

"ಹೋಗೋದು ಯಾರು?" ಎಂದಿತು ಬೀರು. "ಎಂಟು ಜನಾನೂ ಇವತ್ತೇನಾ?"

ಗಂಟೆಯ ಒಂಬತ್ತು ಏಟು ದೊಡ್ಡಮ್ಮನಿಗೆ ಆಗ ನೆನಪಾದವು.

ಬೀಗ ಈ ನಿಲಯಕ್ಕೆ ಒಬ್ಬಳೇ ಬಂದಿರಲಿಲ್ಲ, ಅಕ್ಕನ ಜೊತೆ ಬಂದಿದ್ದಳು. ನಾಲ್ಕು ತಿಂಗಳ ಹಿಂದೆ ಅಕ್ಕನಿಗೆ ಹದಿನೆಂಟು ತುಂಬಿತು. ತುಂಬಿದ ಮೇಲೆ ಮಕ್ಕಳ ನಿಲಯದಲ್ಲಿ ಇರುವಂತಿಲ್ಲ. ಬೇರೆ ಊರಿನಲ್ಲಿ ಹೊಲಿಗೆ ಕಲಿಸುವ ಕಡೆ ಹಾಸ್ಟೆಲ್ ಸಿಕ್ಕಿತು. ತಂಗಿಗೆ ಮೊದಲೇ ಹೇಳುವುದು ಬೇಡ, ಅಳುತ್ತಾಳೆ ಎಂದು ತೀರ್ಮಾನಿಸಿದ್ದು ದೊಡ್ಡಮ್ಮನೇ. ಸೂಜಿ ಚುಚ್ಚುವ ವಿಷಯ ಮಗುವಿಗೆ ಮೊದಲೇ ಹೇಳಬಾರದು, ಚುಚ್ಚಿ ಆಮೇಲೆ ಸಮಾಧಾನ ಮಾಡಬೇಕು. ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನಡೆದ ಲೆಕ್ಕ ಅದು. ಆ ಲೆಕ್ಕವನ್ನೇ ಇಲ್ಲಿಗೂ ತಂದಿದ್ದಳು. ಅಕ್ಕ ಹೊರಟಾಗ ತಂಗಿ ಮೇಲೆ ಚಿಕ್ಕಮ್ಮನಿಗಾಗಿ ಕಂಬಳಿ ಮಡಚುತ್ತಿದ್ದಳು. ಗಂಟೆ ಒಂಬತ್ತು ಸಲ ಬಾರಿಸಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಅಕ್ಕನ ತಲೆ ಸವರಿ ಆಟೋ ಹತ್ತಿಸಿದ್ದಳು. ತಂಗಿ ಕೆಳಗೆ ಇಳಿದಿದ್ದಳೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ.

"ಅಲ್ಲಿ ಕೂತು ಏನು ಮಾಡ್ತೀಯ?" ಎಂದು ಬೀರುವನ್ನು ಕೇಳಿದಳು.

"ಎಣಿಸ್ತೀನಿ."

"ಏನನ್ನ?"

"ಕಾಲು. ಇಳಿಯೋರು ಎಷ್ಟು, ಮತ್ತೆ ಹತ್ತೋರು ಎಷ್ಟು. ಅವತ್ತು ಇಳಿದಿದ್ದು ಇಪ್ಪತ್ತನಾಲ್ಕು. ಹತ್ತಿದ್ದು ಇಪ್ಪತ್ತಮೂರು."

ದೊಡ್ಡಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವಳಿಗೆ ಆಗ ಬಂದದ್ದು ದುಃಖ ಮಾತ್ರವಲ್ಲ, ತನ್ನ ಮೇಲೆಯೇ ಸಿಟ್ಟು. ಹನ್ನೆರಡು ದಿನ ಗಂಟೆ ಬಾರಿಸಿ ಬಾರಿಸಿ ಈ ಮಗುವಿನ ಅಕ್ಕನನ್ನು ಹನ್ನೆರಡು ಸಲ ಕಳಿಸಿದ್ದಳು, ಮೇಲಿಂದ ಬೈದೂ ಇದ್ದಳು. ಪಟ್ಟಿಯಲ್ಲಿ ಸರಿ ಗುರುತು ಬಿದ್ದ ಗಂಟೆಯೇ ನಿಲಯದಲ್ಲಿ ಅತ್ಯಂತ ತಪ್ಪಾದ ವಸ್ತುವಾಗಿತ್ತು.

"ಇವತ್ತು ಯಾರೂ ಹೋಗಲ್ಲ," ಎಂದಳು. "ನಾನು ಇಲ್ಲೇ ಕೂತಿರ್ತೀನಿ. ಹತ್ತೋರನ್ನ ಎಣಿಸು. ಲೆಕ್ಕ ಸರಿ ಇದ್ರೆ ಬಾಗಿಲು ತೆಗಿ."

ಮಕ್ಕಳು ಮೇಲೆ ಬಂದರು. ಇಬ್ಬರೂ ಎಣಿಸಿದರು. ಇಪ್ಪತ್ತಮೂರನೆಯ ಜೊತೆ ಕಾಲು ದಾಟಿಹೋದ ಮೇಲೆ ಬಾಗಿಲು ಒಂದು ಬೆರಳಿನಷ್ಟು ತೆರೆಯಿತು.

ಮರುದಿನ ದೊಡ್ಡಮ್ಮ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದಳು. ಗಂಟೆ ಬಾರಿಸದೆ, ಹೆಸರು ಹಿಡಿದು ಕರೆದು ಕೂರಿಸಿದಳು. ಸೊಂಟದಿಂದ ಪತ್ರ ತೆಗೆದು ಇದ್ದದ್ದು ಇದ್ದ ಹಾಗೆ ಓದಿದಳು. ಅವಳಿಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

"ಮೂರು ನಿಮಿಷದೊಳಗೆ ಎಲ್ಲರೂ ಬಂದ್ರೆ ಯಾರೂ ಹೋಗ್ಬೇಕಿಲ್ಲ. ಬರದಿದ್ರೆ ಎಂಟು ಜನ ಹೋಗ್ಬೇಕಾಗತ್ತೆ. ಸುಳ್ಳು ಹೇಳಲ್ಲ. ಇದನ್ನ ನಿಮ್ಮಿಂದ ಮುಚ್ಚಿಟ್ಟಿದ್ದು ನನ್ನ ತಪ್ಪು. ಅವಳ ಅಕ್ಕ ಹೊರಡೋದನ್ನ ಅವಳಿಗೆ ಹೇಳದೆ ಇದ್ದದ್ದೂ ನನ್ನ ತಪ್ಪೇ. ಇನ್ಮೇಲೆ ಈ ಮನೆಯಿಂದ ಯಾರೇ ಹೊರಟ್ರೂ ಒಂದು ವಾರ ಮುಂಚೆ ಎಲ್ಲರಿಗೂ ಗೊತ್ತಾಗತ್ತೆ. ನಂಗೆ ಅಳು ಬಂದ್ರೂ ಹೇಳ್ತೀನಿ, ನಿಮಗೆ ಅಳು ಬಂದ್ರೂ ಹೇಳ್ತೀನಿ."

ಬೀಗಳ ಜೋಡಿಯಾಗಿದ್ದ ದೊಡ್ಡ ಹುಡುಗಿ ಕೈಯೆತ್ತಿದಳು. "ಹಾಗಾದ್ರೆ ಆ ಗಂಟೆ ಬೇಡ, ದೊಡ್ಡಮ್ಮ."

"ಬೇಡ," ಎಂದಳು ದೊಡ್ಡಮ್ಮ. ಆ ಗಂಟೆಯ ಮೇಲೆ ಅವಳಿಗೆ ಬಹಳ ಮಮತೆಯಿತ್ತು. ಆದರೆ ಮಧ್ಯಾಹ್ನದೊಳಗೆ ಅದನ್ನು ಇಳಿಸಿ ಹಳೆ ಗೋಣಿಯಲ್ಲಿ ಸುತ್ತಿ ಉಗ್ರಾಣಕ್ಕೆ ಹಾಕಿಸಿದಳು. ಎಲೆಕ್ಟ್ರಿಷಿಯನ್ ಬಂದು ಮೂರು ಕಡೆ ಸೈರನ್ ಕೂರಿಸಿದ. ಒತ್ತಿ ನೋಡಿದರೆ ಅದು ಬಾತುಕೋಳಿಯ ಹಾಗೆ ಗಂಟಲು ಹರಿದುಕೊಂಡಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅದರ ಹೆಸರು ಬಾತು. ಡ್ರಿಲ್ ಎಂದರೆ ಬಾತು ಕೂಗುವುದು.

ಉಳಿದದ್ದು ಬೀಗಳನ್ನು ಹೊರಗೆ ತರುವುದು. ದೊಡ್ಡಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ರಿಜಿಸ್ಟರಣ್ಣ ಹೆಸರು ನೋಡಿ ಕೂಗ್ತಾರೆ. ಆದ್ರೆ ಅವರಿಗೆ ಪುಸ್ತಕದಲ್ಲಿ ಇರೋದೇ ಕಾಣೋದು. ಕಾಲು ಎಣಿಸೋಕೆ ಬರೋದು ನಿಂಗೊಬ್ಬಳಿಗೆ. ಎಲ್ಲರಿಗಿಂತ ಮೊದಲು ಹೊರಗೆ ಬಂದು ಗೇಟಿನ ಹತ್ತಿರ ನಿಂತ್ರೆ ಒಬ್ಬೊಬ್ಬರೂ ಇಳಿಯೋದು ಕಾಣತ್ತೆ. ಯಾರೂ ಹೋಗಿಲ್ಲ ಅಂತ ನೀನೇ ನೋಡಿ ಹೇಳ್ಬಹುದು. ಬರ್ತೀಯಾ?"

ಬೀಗ ಮೆಟ್ಟಿಲ ಕಡೆ ನೋಡಿದಳು. "ಬೀರುವಿಗಿಂತ ಚೆನ್ನಾಗಿ ಕಾಣತ್ತಾ?"

"ಮೆಟ್ಟಿಲು ಪೂರ್ತಿ ಕಾಣತ್ತೆ."

"ಬರ್ತೀನಿ."

ಮೊದಲ ದಿನ ಅರ್ಧ ಮೆಟ್ಟಿಲಿನಿಂದ ವಾಪಸು ಓಡಿದಳು. ಎರಡನೆಯ ದಿನ ಬಾಗಿಲ ತನಕ ಬಂದಳು. ನಾಲ್ಕನೆಯ ದಿನ ಗೇಟಿನ ಹತ್ತಿರ ನಿಂತು, ಬೆರಳು ಮಡಚಿ ಮಡಚಿ ಎಣಿಸಿ, "ಸರಿ ಇದೆ" ಎಂದಳು. ಅಡುಗೆಯ ಅಕ್ಕನಿಗೆ ಅದನ್ನು ಕೇಳಿ ಎಷ್ಟು ಸಂತೋಷವಾಯಿತೆಂದರೆ, ಗ್ಯಾಸ್ ಆಫ್ ಮಾಡಿದ್ದನ್ನು ಮರೆತು ಅರ್ಧ ಗಂಟೆ ತಣ್ಣನೆಯ ಒಲೆಯ ಮುಂದೆ ಅನ್ನಕ್ಕೆ ಕಾದಳು. ಇಪ್ಪತ್ತೆಂಟನೆಯ ದಿನ ಎರಡು ನಿಮಿಷ ನಲವತ್ತು ಸೆಕೆಂಡು. ಆ ಭಾನುವಾರ ಹಾಸ್ಟೆಲಿನಿಂದ ಅಕ್ಕ ಫೋನ್ ಮಾಡಿದಾಗ ಬೀಗ ಮೊದಲ ಸಲ ಫೋನ್ ಹಿಡಿದಳು. ಮಾತಾಡಲಿಲ್ಲ, ಆದರೆ ಇಡಲೂ ಇಲ್ಲ.

ಮೂವತ್ತನೆಯ ದಿನ ಅಧಿಕಾರಿ ಬಂದರು. ಸ್ಕೂಟರ್ ಗೇಟಿನ ಹೊರಗೆ ನಿಲ್ಲಿಸಿ, ಬಿಳಿ ಗೆರೆ ನೋಡಿದರು, ಹಿಂದಿನ ಮೆಟ್ಟಿಲು ಹತ್ತಿ ಇಳಿದರು, ಹೊಸ ಸೈರನ್ ನೋಡಿದರು.

"ಗಂಟೆ ಏನಾಯ್ತು, ಮೇಡಂ? ಚೆನ್ನಾಗಿ ಕೇಳಿಸ್ತಿತ್ತಲ್ಲ."

"ಬೇಡದ್ದೂ ಕೇಳಿಸ್ತಿತ್ತು ಸಾರ್. ತೆಗೆಸಿದೆ."

ಅವರು ತಲೆಯಾಡಿಸಿ ಗೆರೆಯ ಪಕ್ಕ ನಿಂತು ಸ್ಟಾಪ್‌ವಾಚ್ ಒತ್ತಿದರು. ಬಾತು ಕೂಗಿತು.

ಮೇಲಿನ ಮೂರು ಕೋಣೆಗಳನ್ನು ಕೊನೆಯದಾಗಿ ನೋಡಿ ಇಳಿಯುವುದು ದೊಡ್ಡಮ್ಮನ ಪಾಲಿನ ಕೆಲಸ. ಮಕ್ಕಳು ಅವಳ ಪಕ್ಕದಿಂದ ಸದ್ದಿಲ್ಲದೆ, ತಳ್ಳಾಡದೆ ಇಳಿದುಹೋದರು. ಒಂದನೆಯ ಕೋಣೆ ಖಾಲಿ, ಎರಡನೆಯದು ಖಾಲಿ, ಮೂರನೆಯದೂ ಖಾಲಿ. ಅವಳು ಮೆಟ್ಟಿಲಿಳಿದು ಕೆಳಗಿನ ಹಜಾರಕ್ಕೆ ಬಂದಳು. ಅಷ್ಟರಲ್ಲಿ ಮೇಲೆ ಧೊಪ್ಪೆಂದು ಸದ್ದಾಯಿತು. ಬೀರುವಿನ ಕಡೆಯಿಂದ.

ಬೀಗ ಇಳಿದದ್ದನ್ನು ತಾನು ಕಣ್ಣಾರೆ ನೋಡಿದೆನೇ? ನೋಡಿರಲಿಲ್ಲ. ಹೊರಗಿನವರು ಬಂದಿದ್ದಾರೆ, ಮಗು ಹೆದರಿರಬೇಕು. ಯೋಚನೆ ಮುಗಿಯುವ ಮೊದಲೇ ಅವಳ ಸವೆದ ಮಂಡಿಗಳು ಮತ್ತೆ ಮೆಟ್ಟಿಲು ಹತ್ತುತ್ತಿದ್ದವು.

ಹೊರಗೆ ಏನಾಯಿತೆಂದು ಆಮೇಲೆ ಚಿಕ್ಕಮ್ಮ ಹೇಳಿದಳು. ರಿಜಿಸ್ಟರಣ್ಣ ಹಾಜರಿ ಕೂಗಿ ಮುಗಿಸಿದ. ಮಕ್ಕಳು ಇಪ್ಪತ್ತನಾಲ್ಕು, ಸಿಬ್ಬಂದಿ ಮೂವರು, ಎಲ್ಲರೂ ಹಾಜರ್ ಎಂದ. ಅವನು ಸುಳ್ಳು ಹೇಳಲಿಲ್ಲ; ಪುಸ್ತಕದಲ್ಲಿ ಇದ್ದದ್ದೇ ಅಷ್ಟು. ಎಲ್ಲರ ಸಹಿ ಹಾಕಿಸುವ ದೊಡ್ಡಮ್ಮ ತಾನು ಒಂದು ದಿನವೂ ಆ ರಿಜಿಸ್ಟರಿನಲ್ಲಿ ಸಹಿ ಹಾಕಿದವಳಲ್ಲ, ಅವಳ ಹೆಸರೇ ಅದರಲ್ಲಿರಲಿಲ್ಲ. ಎರಡು ನಿಮಿಷ ಮೂವತ್ತೆಂಟು ಸೆಕೆಂಡು. ಅಧಿಕಾರಿಯ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು.

"ಇಲ್ಲ," ಎಂದಳು ಬೀಗ.

ಅವರು ಬಗ್ಗಿ ನೋಡಿದರು.

"ಒಬ್ಬರು ಕಮ್ಮಿ. ದೊಡ್ಡಮ್ಮ ಇಳಿದ್ರು. ಮತ್ತೆ ಹತ್ತಿದ್ರು. ಇನ್ನೂ ಇಳಿದಿಲ್ಲ."

ಮೇಲೆ ದೊಡ್ಡಮ್ಮ ಈಗ ಬೀಗ ಹಾಕದೆ ಬಿಟ್ಟಿದ್ದ ಬೀರುವಿನ ಬಾಗಿಲು ತೆಗೆದು ನೋಡಿದಳು. ಮೇಲಿನ ಅರೆಯಿಂದ ಕಂಬಳಿಯ ಕಟ್ಟೊಂದು ಜಾರಿ ಕೆಳಗೆ ಬಿದ್ದಿತ್ತು, ಅಷ್ಟೇ. ಕೆಳಗಿನ ಅರೆ ಖಾಲಿಯಾಗಿತ್ತು. ಅವಳು ಏದುಸಿರು ಬಿಡುತ್ತಾ ಅಂಗಳಕ್ಕೆ ಬರುವಾಗ ಇಪ್ಪತ್ತನಾಲ್ಕು ಮಕ್ಕಳೂ ಗೆರೆಯ ಮೇಲೆ ನಿಂತಿದ್ದರು. ಅಧಿಕಾರಿ ಆಗ ಗುಂಡಿ ಒತ್ತಿದರು.

"ಮೂರು ಐವತ್ತೆರಡು," ಎಂದರು.

ಚಿಕ್ಕಮ್ಮ ಮೆಲ್ಲಗೆ ದನಿ ತೆಗೆದಳು. "ಸಾರ್, ಮಕ್ಕಳೆಲ್ಲ ಎರಡು ಮೂವತ್ತೆಂಟಕ್ಕೇ ಬಂದಿದ್ರಲ್ಲ."

"ಕಟ್ಟಡದಲ್ಲಿರೋ ಎಲ್ಲರೂ ಅಂತಿದೆ ಅಮ್ಮಾ, ಮಕ್ಕಳು ಅಂತಿಲ್ಲ." ಅವರು ದೊಡ್ಡಮ್ಮನ ಕಡೆ ತಿರುಗಿದರು. "ನಾನು ಹದಿನಾಲ್ಕು ವರ್ಷ ಅಗ್ನಿಶಾಮಕದಲ್ಲಿದ್ದೆ ಮೇಡಂ. ಈ ಮೂರು ನಿಮಿಷ ಆಫೀಸಲ್ಲಿ ಕೂತು ಬರೆದದ್ದಲ್ಲ. ನಾನು ಹೊತ್ತು ಹೊರಗೆ ತಂದ ದೊಡ್ಡವರಲ್ಲಿ ಹೆಚ್ಚಿನವರು, ಒಂದು ಸಲ ಹೊರಗೆ ಬಂದು ಮತ್ತೆ ಒಳಗೆ ಹೋದವರು. ಮಕ್ಕಳು ಒಳಗಿದ್ದಾರೆ ಅಂತ ಹೋದವರು. ಮಕ್ಕಳು ಅಷ್ಟೊತ್ತಿಗೆ ಬೀದಿಯಲ್ಲಿ ನಿಂತು ಅವರನ್ನ ಹುಡುಕ್ತಿದ್ರು."

ದೊಡ್ಡಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಡುಗೆಯವಳನ್ನು ತಿದ್ದಿ, ರಿಜಿಸ್ಟರಣ್ಣನನ್ನು ತಿದ್ದಿ, ಏಳು ವರ್ಷದ ಮಗುವನ್ನು ತಿದ್ದಿ, ಕೊನೆಗೆ ಕೆಡಿಸಿದ್ದು ತಾನೇ. ಆದರೆ ಕೈ ಚೆಲ್ಲಿ ಕೂರುವ ಪೈಕಿ ಅಲ್ಲ ಅವಳು. ಬೆನ್ನು ನೆಟ್ಟಗೆ ಮಾಡಿದಳು.

"ಬರೀರಿ ಸಾರ್. ಮೂರು ಐವತ್ತೆರಡು. ಕಾರಣ ನಾನು ಅಂತಾನೂ ಬರೀರಿ. ಆದ್ರೆ ಒಂದು ಭೇಟಿಯಲ್ಲಿ ಎರಡು ಸಲ ಡ್ರಿಲ್ ಮಾಡೋಕೆ ಅವಕಾಶ ಇದೆ. ಕೈಪಿಡಿ, ಪುಟ ನಲವತ್ತೊಂದು."

"ಓದಿದೀರಿ."

"ಮೂವತ್ತು ದಿನದಿಂದ ಬೇರೇನೂ ಓದಿಲ್ಲ."

ಅವರ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು. "ಮಕ್ಕಳು ಒಳಗೆ ಹೋಗಲಿ," ಎಂದರು.

ಮಕ್ಕಳು ಸಾಲಾಗಿ ಒಳಗೆ ಹೋಗುವಾಗ ಬೀಗ ಹಿಂದೆ ಉಳಿದು ದೊಡ್ಡಮ್ಮನ ಮುಂದೆ ನಿಂತಳು. ಅವಳ ಹುಬ್ಬು ಗಂಟಿಕ್ಕಿತ್ತು.

"ನಾನು ಬರ್ತೀನಿ ಅಂದಿದ್ದೆ."

"ಹೂಂ."

"ಬಂದಿದ್ದೆ."

"ಹೂಂ, ಬಂದಿದ್ದೆ." ಈಗ ಹೂಂ, ಉಹೂಂ ಎನ್ನುವ ಸರದಿ ದೊಡ್ಡಮ್ಮನದಾಗಿತ್ತು.

"ನಾನು ಒಳಗಿರಲ್ಲ. ನೀವು ನನ್ನನ್ನ ಹುಡುಕ್ಬೇಡಿ," ಎಂದು ಹೇಳಿ ಮಗು ಮೇಲೆ ಓಡಿತು.

ಬಾತು ಮತ್ತೆ ಕೂಗಿತು. ಮೂರು ಕೋಣೆಗಳು, ಮೂರೂ ಖಾಲಿ. ದೊಡ್ಡಮ್ಮ ಮೆಟ್ಟಿಲಿಗೆ ಕಾಲಿಟ್ಟಳು. ಅವಸರದಲ್ಲಿ ಸರಿಯಾಗಿ ಮುಚ್ಚದ ಬೀರುವಿನ ಬಾಗಿಲು ಹಿಂದಿನಿಂದ ಕಿರ್ರೆಂದಿತು. ಅವಳ ಕಾಲು ನಿಂತಿತು. ಒಂದೇ ಒಂದು ಸಲ ತಿರುಗಿ ನೋಡಿದರೆ ಸಾಕು ಎಂದು ಇಪ್ಪತ್ತೆರಡು ವರ್ಷದ ವಾರ್ಡು ಒಳಗಿನಿಂದ ಕೂಗಿ ಹೇಳಿತು. ಬಂದಿದ್ದೆ ಎಂದ ಮಗುವಿನ ಗಂಟಿಕ್ಕಿದ ಹುಬ್ಬು ಕಣ್ಣ ಮುಂದೆ ಬಂತು. ಹಲ್ಲು ಕಚ್ಚಿ ಮೆಟ್ಟಿಲು ಎಣಿಸಲು ಶುರುಮಾಡಿದಳು. ಒಂದು, ಎರಡು, ಮೂರು. ಹದಿನೆಂಟು ಮೆಟ್ಟಿಲು ಇಳಿಯುವಷ್ಟೂ ಹೊತ್ತು ಅವಳ ಕತ್ತು ಹಿಂದಕ್ಕೆ ಹೊರಳಲು ಹಟ ಮಾಡಿತು, ಅವಳು ಹೊರಳಿಸಲಿಲ್ಲ. ಹಜಾರ ದಾಟಿದಳು, ಬಾಗಿಲು ದಾಟಿದಳು, ಗೆರೆಯ ಕೊನೆಯಲ್ಲಿ ತನ್ನ ಜಾಗದಲ್ಲಿ ನಿಂತಳು. ಅಲ್ಲಿ ನಿಂತ ಮೇಲೆಯೇ ತಲೆಯೆತ್ತಿ ನೋಡಿದ್ದು. ಗೇಟಿನ ಹತ್ತಿರ ಬೀಗ ಬೆರಳು ಮಡಚುತ್ತಿದ್ದಳು.

ಅಧಿಕಾರಿ ಈ ಸಲ ರಿಜಿಸ್ಟರಣ್ಣನನ್ನು ಕೇಳಲಿಲ್ಲ. ಆ ಹುಡುಗಿಯನ್ನೇ ನೋಡುತ್ತಾ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಕಾದರು.

"ಸರಿ ಇದೆ," ಎಂದಳು ಬೀಗ.

"ಎರಡು ಮೂವತ್ತನಾಲ್ಕು," ಎಂದರು ಅವರು.

ಮಕ್ಕಳು ಕಿರುಚಿಕೊಂಡು ಗೆರೆ ಮುರಿದು ಓಡಿ ಬಂದರು. ಅವಳಿಗಳು ದೊಡ್ಡಮ್ಮನ ಒಂದೊಂದು ಕೈಗೆ ಜೋತುಬಿದ್ದರು. ಅಡುಗೆಯ ಅಕ್ಕ ಅತ್ತಳು, ಅಳುತ್ತಲೇ ಒಲೆ ಹಚ್ಚಲು ಹೋದಳು. ದೊಡ್ಡಮ್ಮ ಆಫೀಸಿನಲ್ಲಿ ಅಧಿಕಾರಿಯ ಮುಂದೆ ಕೂತು ಎರಡೂ ಸಮಯ ಬರೆದ ಹಾಳೆಯನ್ನು ಪೂರ್ತಿ ಓದಿ ಸಹಿ ಮಾಡಿದಳು. ಪರವಾನಗಿ ಇದ್ದಷ್ಟೇ ಮಕ್ಕಳಿಗೆ ಮುಂದುವರಿಯಲಿದೆ ಎಂದು ಕೊನೆಯ ಸಾಲಿನಲ್ಲಿತ್ತು. ರಿಜಿಸ್ಟರಣ್ಣ ಹಾಜರಿ ಪುಸ್ತಕ ತಂದು ಬಿಚ್ಚಿಟ್ಟ. ಸಿಬ್ಬಂದಿಯ ಪುಟದಲ್ಲಿ ನಾಲ್ಕನೆಯ ಹೆಸರು ಹೊಸದಾಗಿ, ದುಂಡು ಅಕ್ಷರದಲ್ಲಿ ಬರೆದಿದ್ದ. ಅದರ ಮುಂದೆಯೂ ಅವಳು ಸಹಿ ಹಾಕಿದಳು. ಪತ್ರವನ್ನು ಸೊಂಟದಿಂದ ತೆಗೆದು ಕಡತಕ್ಕೆ ಸೇರಿಸಿದಳು.

ಅಧಿಕಾರಿ ಹೊರಟಾಗ ಬೀಗ ಇನ್ನೂ ಗೇಟಿನ ಹತ್ತಿರವೇ ಇದ್ದಳು. ಅವರು ಅವಳನ್ನು ದಾಟಿ ಹೋಗುವಾಗ, "ನೀವು ಹೋಗ್ತಿದ್ದೀರಾ?" ಎಂದು ಕೇಳಿದಳು.

"ಹೌದಮ್ಮ, ಹೊರಟೆ."

"ಹೇಳಿ ಹೋಗ್ಬೇಕು. ನೀವೂ ಲೆಕ್ಕದಲ್ಲಿದ್ರಿ. ನಿಮ್ಮನ್ನ ಸೇರಿಸಿ ಇಪ್ಪತ್ತೊಂಬತ್ತು."

ಅವರು ಅವಳ ಮುಂದೆ ಬಗ್ಗಿ, ಬಹಳ ಗಂಭೀರವಾಗಿ, "ಹೋಗಿ ಬರ್ತೀನಿ," ಎಂದರು. ಸ್ಕೂಟರ್ ಶುರುವಾಯಿತು, ಬೀದಿಯ ತಿರುವಿನಲ್ಲಿ ಮರೆಯಾಯಿತು.

ದೊಡ್ಡಮ್ಮ ಜಗಲಿಯಿಂದ ನೋಡುತ್ತಿದ್ದಳು. ಒಬ್ಬರು ಹೊರಟು ಹೋಗಿದ್ದರು, ಗೇಟು ಮುಚ್ಚಿತ್ತು. ಬೀಗ ಬೀರುವಿನ ಕಡೆ ಓಡಲಿಲ್ಲ. ಗೇಟಿಗೆ ಬೆನ್ನು ತಿರುಗಿಸಿ, ಅಂಗಳದಲ್ಲಿ ಆಡುತ್ತಿದ್ದವರನ್ನೂ, ಅಡುಗೆಮನೆಯ ಕಿಟಕಿಯನ್ನೂ, ಆಫೀಸಿನ ಬಾಗಿಲನ್ನೂ, ಕೊನೆಗೆ ದೊಡ್ಡಮ್ಮನನ್ನೂ ಒಂದು ಸುತ್ತು ನೋಡಿದಳು.

"ಈಗ ಇಪ್ಪತ್ತೆಂಟು," ಎಂದಳು. "ಸರಿ ಇದೆ."